ಪ್ರಾಗ್‌ನಲ್ಲಿ ಅಪ್ಪರ್ ಬರ್ತ್: ಹಾಸ್ಟೆಲ್ ವಾಸದ ಬಗ್ಗೆ ಒಂಬತ್ತು ತಪ್ಪು ಕಲ್ಪನೆಗಳು

ನಮ್ಮಲ್ಲಿ ‘ಹಾಸ್ಟೆಲ್’ ಎಂದ ಕೂಡಲೇ ಕಣ್ಣ ಮುಂದೆ ಬರುವುದು ತಟ್ಟೆ ಹಿಡಿದು ನಿಂತ ಸಾಲು, ತಿಳಿ ಸಾರು, ವಾರ್ಡನ್ ಗದರಿಕೆ. ಹಾಗಾಗಿ ಯುರೋಪ್ ಪ್ರವಾಸಕ್ಕೆ ಹೊರಟ ಮಗ ‘ಪ್ರಾಗ್‌ನಲ್ಲಿ ಹಾಸ್ಟೆಲ್ ಬುಕ್ ಮಾಡಿದೀನಿ’ ಎಂದರೆ, ‘ಅಷ್ಟು ದುಡ್ಡು ಸುರಿದು ಅಷ್ಟು ದೂರ ಹೋಗಿ ಹಾಸ್ಟೆಲ್‌ನಲ್ಲಿ ಬಿದ್ಕೊಳ್ತೀಯೇನೋ?’ ಎಂದು ಮನೆಯವರು ಹುಬ್ಬೇರಿಸುತ್ತಾರೆ.

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ಅಗ್ಗದ ಹಾಸ್ಟೆಲ್‌ಗಳಿಗೆ ಹೆಸರಾದ ಊರು. 1357ರಲ್ಲಿ ಕಟ್ಟಲು ತೊಡಗಿದ ಚಾರ್ಲ್ಸ್ ಸೇತುವೆ, 1410ರಿಂದ ಇರುವ ಖಗೋಳ ಗಡಿಯಾರ, 1992ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆ ಇವೆಲ್ಲ ಇರುವ ಕಡೆ ಹೋಟೆಲ್ ದರ ಸುಲಭಕ್ಕೆ ಕೈಗೆ ಎಟುಕುವುದಿಲ್ಲ. ಹಾಸ್ಟೆಲ್‌ನ ಒಂದು ಮಂಚ ಎಟುಕುತ್ತದೆ. ಆದರೆ ಆ ಮಂಚದ ಸುತ್ತ ಭಯಗಳೂ ಹುಸಿ ಭರವಸೆಗಳೂ ಸಾಕಷ್ಟಿವೆ. ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಹಾಸ್ಟೆಲ್ ಇರುವುದು ವಿದ್ಯಾರ್ಥಿಗಳಿಗೆ, ಹೆಚ್ಚೆಂದರೆ ಇಪ್ಪತ್ತರ ಹರೆಯದವರಿಗೆ.

ವಾಸ್ತವ: ಹುಟ್ಟಿದ್ದು ಮಕ್ಕಳಿಗಾಗಿ ಎಂಬುದು ನಿಜ. ಜರ್ಮನಿಯ ಶಾಲಾ ಮೇಷ್ಟರು ರಿಚರ್ಡ್ ಶಿರ್ಮನ್ 1909ರ ಆಗಸ್ಟ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆ ಪ್ರವಾಸ ಹೊರಟಿದ್ದಾಗ ಗುಡುಗು ಮಳೆಗೆ ಸಿಕ್ಕಿಕೊಂಡರು. ಆ ರಾತ್ರಿ ಆಸರೆ ಕೊಟ್ಟದ್ದು ಒಂದು ಹಳ್ಳಿಯ ಶಾಲೆ, ಹಾಸಿಗೆ ಹುಲ್ಲು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ತಂಗುದಾಣ ಮಾಡಿದರೆ ಹೇಗೆ ಎಂದು ಅವರಿಗೆ ಹೊಳೆದದ್ದು ಆಗಲೇ. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ತೆರೆಯಿತು.

ನೂರು ವರ್ಷದಲ್ಲಿ ಆ ‘ಯೂತ್’ ಬಹುಪಾಲು ಕಡೆ ಬೋರ್ಡಿನಲ್ಲಷ್ಟೇ ಉಳಿದಿದೆ. ಪ್ರಾಗ್‌ನ ಹಾಸ್ಟೆಲ್‌ಗಳಲ್ಲಿ ನಿವೃತ್ತರೂ ಸಿಗುತ್ತಾರೆ, ಮಗುವನ್ನು ಎತ್ತಿಕೊಂಡು ಬಂದ ದಂಪತಿಯೂ ಸಿಗುತ್ತಾರೆ. ಇಡೀ ಕೋಣೆಯನ್ನೇ ಕೊಡುವ ವ್ಯವಸ್ಥೆ ಹೆಚ್ಚಿನ ಕಡೆ ಇದೆ. ಆದರೆ ಹಲವರು ಒಟ್ಟಿಗೆ ಮಲಗುವ ಡಾರ್ಮಿಟರಿಗೆ ಕೆಲವು ಹಾಸ್ಟೆಲ್‌ಗಳು ಮೇಲಿನ ವಯೋಮಿತಿ ಇಟ್ಟಿರುತ್ತವೆ, 18 ತುಂಬದವರನ್ನು ಬಿಟ್ಟುಕೊಳ್ಳದ ಕಡೆಗಳೂ ಇವೆ. ದುಡ್ಡು ಕಟ್ಟುವ ಮೊದಲು ಆ ಎರಡು ಸಾಲು ಓದಿ.

2. ತಪ್ಪು ಕಲ್ಪನೆ: ಅಗ್ಗ ಎಂದರೆ ಗಲೀಜು, ತಿಗಣೆ ಗ್ಯಾರಂಟಿ.

ವಾಸ್ತವ: ಹಾಸ್ಟೆಲ್ ಅಗ್ಗವಾಗಿರುವುದು ಕಸ ಗುಡಿಸದ್ದರಿಂದ ಅಲ್ಲ, ಒಂದು ಕೋಣೆಯ ಬಾಡಿಗೆಯನ್ನು ಎಂಟು ಜನ ಹಂಚಿಕೊಳ್ಳುವುದರಿಂದ. ತಿಗಣೆಗೂ ಕೊಳಕಿಗೂ ನೇರ ಸಂಬಂಧವಿಲ್ಲ. ಅದು ಬರುವುದು ಪ್ರಯಾಣಿಕರ ಚೀಲ, ಬಟ್ಟೆ ಹಿಡಿದು. ಐದು ತಾರೆಯ ಹೋಟೆಲ್ಲಿಗೂ ಅದೇ ದಾರಿಯಲ್ಲಿ ಹೋಗುತ್ತದೆ. ಅನೇಕ ಹಾಸ್ಟೆಲ್‌ಗಳು ‘ನಿಮ್ಮ ಸ್ಲೀಪಿಂಗ್ ಬ್ಯಾಗ್ ಮಂಚದ ಮೇಲೆ ಹಾಸಬೇಡಿ’ ಎಂದು ಬರೆದು ಹಾಕುವುದು ಇದೇ ಕಾರಣಕ್ಕೆ.

ಚೀಲವನ್ನು ಮಂಚದ ಮೇಲೆ ಎಸೆಯುವ ಮೊದಲು ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಸಾಲನ್ನು ಮೊಬೈಲ್ ಟಾರ್ಚ್‌ನಲ್ಲಿ ನೋಡಿ. ಬೆಳೆದ ತಿಗಣೆ ಸೇಬಿನ ಬೀಜದಷ್ಟಿರುತ್ತದೆ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಅದರ ಹಿಕ್ಕೆ. ಕಂಡರೆ ಸಂಕೋಚ ಬೇಡ, ರಿಸೆಪ್ಷನ್‌ಗೆ ಹೇಳಿ ಕೋಣೆಯನ್ನೇ ಬದಲಿಸಿಕೊಳ್ಳಿ. ತಿಗಣೆ ಕಚ್ಚಿದರೆ ತುರಿಕೆ, ನಿದ್ದೆಗೇಡು. ಆದರೆ ಅದು ರೋಗ ಹರಡುತ್ತದೆ ಎನ್ನಲು ಆಧಾರವಿಲ್ಲ.

ಬಚ್ಚಲುಮನೆ ಸಾಮಾನ್ಯವಾಗಿ ಹಂಚಿಕೊಂಡದ್ದು. ಒಂದು ಜೊತೆ ಹವಾಯಿ ಚಪ್ಪಲಿ ಒಯ್ಯಿರಿ. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ, ಕಾಗದ ಇರುತ್ತದೆ. ನಮ್ಮವರಿಗೆ ಆಪದ್ಬಾಂಧವ ಒಂದು ಖಾಲಿ ನೀರಿನ ಬಾಟಲಿ.

3. ತಪ್ಪು ಕಲ್ಪನೆ: ಗೊತ್ತಿಲ್ಲದವರ ಜೊತೆ ಮಲಗಿದರೆ ಬೆಳಗ್ಗೆ ಪಾಸ್‌ಪೋರ್ಟ್ ಇರುವುದಿಲ್ಲ.

ವಾಸ್ತವ: ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿ ರೈಲಿನಲ್ಲಿ ಹೋಗುವಾಗ ಗೊತ್ತಿಲ್ಲದ ಏಳು ಜನರ ನಡುವೆ ನಿದ್ದೆ ಮಾಡಿದವರೇ ನಾವು. ಡಾರ್ಮ್ ಅಂದರೆ ಹೆಚ್ಚುಕಡಿಮೆ ಅದೇ, ಮಂಚಕ್ಕೊಂದು ಲಾಕರ್ ಸೇರಿಸಿ. ಬೀಗ ಮಾತ್ರ ಬಹಳ ಕಡೆ ನೀವೇ ತರಬೇಕು, ಇಲ್ಲವೇ ಬಾಡಿಗೆಗೆ ತೆಗೆದುಕೊಳ್ಳಬೇಕು. ಊರಿಂದಲೇ ಸಣ್ಣದೊಂದು ಬೀಗ ಒಯ್ದರೆ ಮುಗಿಯಿತು. ಹೆಂಗಸರಿಗೆಂದೇ ಪ್ರತ್ಯೇಕ ಡಾರ್ಮ್ ಹಲವು ಕಡೆ ಸಿಗುತ್ತದೆ. ಆದರೆ ‘ಮಿಕ್ಸೆಡ್’ ಎಂದು ಬರೆದ ಕೋಣೆಯನ್ನು ಗಮನಿಸದೆ ಬುಕ್ ಮಾಡಿ ಆಮೇಲೆ ಗಾಬರಿಯಾಗುವವರೂ ಇದ್ದಾರೆ.

ನಿಜವಾದ ಜೇಬುಗಳ್ಳರು ಇರುವುದು ಹೊರಗೆ. ಪ್ರತಿ ಗಂಟೆಗೆ ಖಗೋಳ ಗಡಿಯಾರದ ಕಿಟಕಿಗಳು ತೆರೆದು ಗೊಂಬೆಗಳು ಹಾಯುವಾಗ ನೂರಾರು ಜನ ಕತ್ತೆತ್ತಿ ಮೊಬೈಲ್ ಹಿಡಿದು ನಿಂತಿರುತ್ತಾರೆ. ಜೇಬುಗಳ್ಳರಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಚಾರ್ಲ್ಸ್ ಸೇತುವೆ, ಪ್ರಾಗ್ ಕೋಟೆಗೆ ಹೋಗುವ 22ನೇ ನಂಬರಿನ ಟ್ರಾಮ್ ಕೂಡ ಅಂಥವೇ. ಪಾಸ್‌ಪೋರ್ಟ್ ಲಾಕರ್‌ನಲ್ಲಿ, ಅದರ ಜೆರಾಕ್ಸ್ ಬ್ಯಾಗಿನಲ್ಲಿ ಇರಲಿ. ತುರ್ತು ಕರೆಗೆ 112.

4. ತಪ್ಪು ಕಲ್ಪನೆ: ಹಾಸ್ಟೆಲ್ ಬುಕಿಂಗ್ ತೋರಿಸಿದರೆ ವೀಸಾ ಕೊಡುವುದಿಲ್ಲ.

ವಾಸ್ತವ: ಚೆಕ್ ಗಣರಾಜ್ಯವೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ವಸತಿಯ ದಾಖಲೆ ಬೇಕು, ಅದು ತಾರಾ ಹೋಟೆಲ್ಲಿನದೇ ಆಗಿರಬೇಕೆಂಬ ನಿಯಮವಿಲ್ಲ. ಬುಕಿಂಗ್‌ನಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು, ತಂಗುವ ಎಲ್ಲ ರಾತ್ರಿಗಳೂ ಅದರಲ್ಲಿ ಸೇರಿರಬೇಕು. ಇಬ್ಬರು ಹೋಗುವಾಗ ಒಬ್ಬರ ಹೆಸರಲ್ಲಷ್ಟೇ ಎರಡು ಮಂಚ ಕಾದಿರಿಸುವುದು ಸುಮ್ಮನೆ ಅನುಮಾನಕ್ಕೆ ದಾರಿ. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಿಡಿದು 15 ದಿನ ಮೊದಲಿನವರೆಗೆ ಹಾಕಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ವ್ಯಾಪ್ತಿಯ ಪ್ರಯಾಣ ವಿಮೆ ಕಡ್ಡಾಯ.

5. ತಪ್ಪು ಕಲ್ಪನೆ: ಏನೇ ಆಗಲಿ, ಹಾಸ್ಟೆಲ್‌ಗಿಂತ ಅಗ್ಗದ್ದು ಇಲ್ಲ.

ವಾಸ್ತವ: ಒಬ್ಬರೇ ಹೋಗುವುದಾದರೆ ಬಹುತೇಕ ನಿಜ. ನಾಲ್ವರ ಸಂಸಾರಕ್ಕೆ ನಾಲ್ಕು ಮಂಚದ ಬೆಲೆ ಕೂಡಿಸಿ ನೋಡಿ, ಸಣ್ಣ ಅಪಾರ್ಟ್‌ಮೆಂಟೋ ಲಾಡ್ಜೋ ಅಷ್ಟಕ್ಕೇ ಸಿಕ್ಕೀತು. ಮಂಚದ ದರ ವಿಮಾನದ ಟಿಕೆಟ್ಟಿನಂತೆ ಏರಿಳಿಯುತ್ತದೆ. ಮಂಗಳವಾರದ ದರ ಶನಿವಾರಕ್ಕಿಲ್ಲ, ಕ್ರಿಸ್‌ಮಸ್ ಸಂತೆಯ ಡಿಸೆಂಬರ್‌ನಲ್ಲಂತೂ ಕೇಳಲೇಬೇಡಿ.

ಚಿಲ್ಲರೆ ಖರ್ಚುಗಳೂ ಇವೆ. ಪ್ರಾಗ್ ನಗರಾಡಳಿತ 2022ರಿಂದ ತಲೆಗೆ, ರಾತ್ರಿಗೆ 50 ಚೆಕ್ ಕೊರುನಾ ತಂಗುವ ಶುಲ್ಕ ವಿಧಿಸಿದೆ. ಆನ್‌ಲೈನ್‌ನಲ್ಲಿ ಕಂಡ ದರದಲ್ಲಿ ಅದು ಸೇರಿರದಿದ್ದರೆ ರಿಸೆಪ್ಷನ್‌ನಲ್ಲಿ ಕೇಳುತ್ತಾರೆ. ಕೇಳಿದರೆ ಮೋಸವೆಂದು ಜಗಳಕ್ಕೆ ನಿಲ್ಲಬೇಡಿ. ಟವೆಲ್‌ಗೆ ಬೇರೆ ಬಾಡಿಗೆ. ಒಣಗಲು ಹೊತ್ತು ಹಿಡಿಯದ ನಮ್ಮ ತೆಳ್ಳನೆಯ ಪಂಚೆ ಟವೆಲ್ ಇಲ್ಲಿ ಗೆಲ್ಲುತ್ತದೆ.

6. ತಪ್ಪು ಕಲ್ಪನೆ: ಹಳೆಯ ಪೇಟೆಯ ನಡುವೆಯೇ ಇರಬೇಕು, ಇಲ್ಲದಿದ್ದರೆ ಓಡಾಟಕ್ಕೆ ಕಷ್ಟ.

ವಾಸ್ತವ: ಹೆಚ್ಚು ಕೊಟ್ಟು ಪೇಟೆಯ ನಡುವೆ ಉಳಿದರೆ ಸಿಗುವುದು ರಾತ್ರಿಯ ಗದ್ದಲ, ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಗಾಲಿ ಎಳೆಯುವ ಕಷ್ಟ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೆಟ್ಟಿಲು. ಜಿಜ್ಕೊವ್, ಹೊಲೆಶೊವಿತ್ಸೆ, ವಿನೊಹ್ರಾದಿ ಮುಂತಾದ ಬಡಾವಣೆಗಳಿಂದ ಟ್ರಾಮ್ ಹತ್ತಿದರೆ ಪೇಟೆ ದೂರವೇನಲ್ಲ. ಮೂರು ಮೆಟ್ರೊ ಮಾರ್ಗಗಳು ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತವೆ, ಟ್ರಾಮ್ ನಿಲ್ಲುವುದಿಲ್ಲ. ತೊಂಬತ್ತರ ಸಾಲಿನ ನಂಬರಿನ ರಾತ್ರಿ ಟ್ರಾಮ್‌ಗಳೆಲ್ಲ ಲಾಜಾರ್ಸ್ಕಾ ಎಂಬ ನಿಲ್ದಾಣದಲ್ಲಿ ಕೂಡುತ್ತವೆ. ಆ ಒಂದು ಹೆಸರು ನೆನಪಿದ್ದರೆ ರಾತ್ರಿ ದಾರಿ ತಪ್ಪುವುದಿಲ್ಲ. ಮೆಟ್ರೊಗೆ ಗೇಟ್ ಇಲ್ಲವೆಂದು ಟಿಕೆಟ್ ಪಂಚ್ ಮಾಡದೆ ಒಳಗೆ ಹೋಗಬೇಡಿ. ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹಳದಿ ಯಂತ್ರದಲ್ಲಿ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಟಿಕೆಟ್‌ಗೂ ದಂಡವಿದೆ.

ವಿಳಾಸ ಹುಡುಕುವಾಗ ಒಂದು ಗುಟ್ಟು ತಿಳಿದಿರಲಿ. ಪ್ರಾಗ್‌ನ ಮನೆಗಳ ಮೇಲೆ ಕೆಂಪು, ನೀಲಿ ಎರಡು ಫಲಕಗಳಿರುತ್ತವೆ. ವಿಳಾಸದಲ್ಲಿ 1234/5 ಎಂದಿದ್ದರೆ 1234 ಕೆಂಪು ಫಲಕದ್ದು, ಆ ಪ್ರದೇಶದಲ್ಲಿ ಕಟ್ಟಡದ ನೋಂದಣಿ ಸಂಖ್ಯೆ. 5 ನೀಲಿಯದ್ದು, ಬೀದಿಯಲ್ಲಿ ಸಾಲಾಗಿ ಎಣಿಸಿದ್ದು. ನೀವು ಹುಡುಕಬೇಕಾದದ್ದು ನೀಲಿ. 1770ರಲ್ಲಿ ಸಂಖ್ಯೆ ಬರುವ ಮೊದಲು ಮನೆಗಳನ್ನು ಬಾಗಿಲ ಮೇಲಿನ ಚಿತ್ರದಿಂದ ಗುರುತಿಸುತ್ತಿದ್ದರು. ‘ಎರಡು ಸೂರ್ಯ’, ‘ಮೂರು ಪಿಟೀಲು’ ಎಂಬ ಹೆಸರಿನ ಮನೆಗಳು ನೆರುದೊವಾ ಬೀದಿಯಲ್ಲಿ ಇಂದಿಗೂ ಇವೆ.

7. ತಪ್ಪು ಕಲ್ಪನೆ: ಹಾಸ್ಟೆಲ್ ಅಂದರೆ ದಿನವೂ ಕುಡಿತ, ಕುಣಿತ, ನಿದ್ದೆಯ ಆಸೆ ಬಿಡಬೇಕು.

ವಾಸ್ತವ: ಪಾರ್ಟಿಗೆಂದೇ ಇರುವ ಹಾಸ್ಟೆಲ್‌ಗಳು ಇವೆ, ಅವು ಅದನ್ನು ಮುಚ್ಚಿಡುವುದೂ ಇಲ್ಲ. ‘ಪಾರ್ಟಿ’, ‘ಬಾರ್’ ಪದಗಳು ವಿವರಣೆಯಲ್ಲಿ ಎದ್ದು ಕಂಡರೆ ಬೇರೆ ಕಡೆ ನೋಡಿ. ಚೆಕ್ ಕಾನೂನಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು. ಗೈಡ್ ಜೊತೆ ಗುಂಪುಕಟ್ಟಿ ಪಬ್‌ನಿಂದ ಪಬ್‌ಗೆ ಸುತ್ತುವ ಪ್ರವಾಸಗಳನ್ನು ಅದೇ ಅವಧಿಯಲ್ಲಿ ನಿಷೇಧಿಸಲು ಪ್ರಾಗ್ ನಗರಾಡಳಿತ 2024ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು.

ಡಾರ್ಮ್‌ನಲ್ಲಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಕುಡುಕರಲ್ಲ, ಪ್ಲಾಸ್ಟಿಕ್ ಕವರ್! ಬೆಳಗಿನ ನಾಲ್ಕೂವರೆಗೆ ಎದ್ದ ಪುಣ್ಯಾತ್ಮರು ಕತ್ತಲಲ್ಲಿ ಬ್ರಷ್‌ಗೊಂದು ಕವರ್, ಚಾರ್ಜರ್‌ಗೊಂದು ಕವರ್, ಒಗೆಯದ ಬಟ್ಟೆಗೊಂದು ಕವರ್ ಬಿಚ್ಚುತ್ತ ಹೋದರೆ ಎಂಟು ಮಂಚಕ್ಕೂ ಅದರ ಸರಪರ ಕೇಳಿಸುತ್ತದೆ. ಎಲ್ಲವನ್ನೂ ಕವರ್‌ನಲ್ಲಿ ಸುತ್ತಿ ಇಡುವ ವಿದ್ಯೆಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಬೇಗ ಹೊರಡುವುದಿದ್ದರೆ ರಾತ್ರಿಯೇ ಬಟ್ಟೆಚೀಲದಲ್ಲಿ ತುಂಬಿಟ್ಟುಕೊಳ್ಳಿ. ಮನೆಗೆ ವಿಡಿಯೊ ಕರೆ ಮಾಡುವುದು ಕೋಣೆಯ ಹೊರಗೆ. ಮತ್ತೊಬ್ಬರ ಗೊರಕೆಗೆ ಇಯರ್ ಪ್ಲಗ್ ಇದೆ, ನಿಮ್ಮ ಗೊರಕೆ ಜೋರಾಗಿದ್ದರೆ ಪ್ರತ್ಯೇಕ ಕೋಣೆ ತೆಗೆದುಕೊಳ್ಳುವುದೇ ಮರ್ಯಾದೆ.

8. ತಪ್ಪು ಕಲ್ಪನೆ: ಯುರೋಪ್ ತಾನೇ, ಯೂರೋ ಒಯ್ದರೆ ಸಾಕು.

ವಾಸ್ತವ: ಚೆಕ್ ಗಣರಾಜ್ಯ 2004ರಲ್ಲೇ ಐರೋಪ್ಯ ಒಕ್ಕೂಟ ಸೇರಿದರೂ ಅಲ್ಲಿನ ಹಣ ಇಂದಿಗೂ ಕೊರುನಾ. ಕೆಲವು ಅಂಗಡಿಗಳಲ್ಲಿ ಯೂರೋ ನಡೆಯುತ್ತದೆ, ಅಂಗಡಿಯವರು ಹಾಕಿದ ದರಕ್ಕೆ. ಹಳೆಯ ಪೇಟೆಯ ವಿನಿಮಯ ಅಂಗಡಿಯಲ್ಲಿ ಕೆಟ್ಟ ದರಕ್ಕೆ ಸಿಕ್ಕಿಬಿದ್ದರೆ ಕೈಹೊಸಕಿಕೊಂಡು ಬರಬೇಕಿಲ್ಲ. 2019ರಿಂದ ಇರುವ ನಿಯಮದಂತೆ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಮಾತ್ರ ಕೈಯಲ್ಲಿರಬೇಕು. ಎಟಿಎಂ ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡ ಎನ್ನಿ, ಕೊರುನಾದಲ್ಲೇ ತೆಗೆಯಿರಿ. ಆ ‘ಉಪಕಾರ’ಕ್ಕೆ ಮಾರ್ಜಿನ್ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

9. ತಪ್ಪು ಕಲ್ಪನೆ: ಸಸ್ಯಾಹಾರಿಗಳಿಗೆ ಬ್ರೆಡ್ಡೇ ಗತಿ.

ವಾಸ್ತವ: ಚೆಕ್ ಊಟ ಮಾಂಸದ್ದೇ ಎಂಬುದು ದಿಟ, ಹೋಟೆಲ್ಲಿನಲ್ಲಿ ಸುಲಭಕ್ಕೆ ಸಿಗುವುದು ಕರಿದ ಚೀಸ್. ಆದರೆ ಬಹಳಷ್ಟು ಹಾಸ್ಟೆಲ್‌ಗಳಲ್ಲಿ ಅಡುಗೆಮನೆ ಇದೆ. ಸೂಪರ್ ಮಾರ್ಕೆಟ್ಟಿನ ಅಕ್ಕಿ, ಆಲೂಗಡ್ಡೆ, ನಿಂಬೆಹಣ್ಣು, ಊರಿಂದ ಒಯ್ದ ಸಾರಿನ ಪುಡಿ ಇದ್ದರೆ ಅನ್ನ ಸಾರಿಗೆ ಮುಕ್ಕಾಲು ಗಂಟೆ ಸಾಕು. ನಲ್ಲಿ ನೀರು ಕುಡಿಯಲು ಯೋಗ್ಯ. ತುಪ್ಪದ ಡಬ್ಬಿ ಮಾತ್ರ ಮನೆಯಲ್ಲೇ ಬಿಡಿ. ಹಾಲಿನ ಉತ್ಪನ್ನಗಳನ್ನು ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಲಗೇಜಿನಲ್ಲಿ ಒಯ್ಯುವಂತಿಲ್ಲ.

ಅಡುಗೆಮನೆಯ ಫ್ರಿಜ್ ತೆರೆದರೆ ಹಾಸ್ಟೆಲ್‌ನ ಸಂವಿಧಾನವೇ ಅಲ್ಲಿದೆ. ಒಂದೊಂದು ಡಬ್ಬಿಯ ಮೇಲೂ ಹೆಸರು, ಹೊರಡುವ ತಾರೀಕು ಬರೆದ ಚೀಟಿ. ಚೀಟಿಯಿಲ್ಲದ್ದನ್ನು ಎಸೆಯುತ್ತಾರೆ. ಪಕ್ಕದಲ್ಲಿ ‘ಫ್ರೀ’ ಎಂದು ಬರೆದ ಕಪಾಟು ಇರುತ್ತದೆ. ಊರು ಬಿಟ್ಟವರು ಉಳಿಸಿಹೋದ ಉಪ್ಪು, ಅರ್ಧ ಬಾಟಲಿ ಎಣ್ಣೆ, ಒಂದು ಹಿಡಿ ಪಾಸ್ತಾ ಅಲ್ಲಿ. ನೀವು ಬೇಕಾದ್ದು ತೆಗೆದುಕೊಳ್ಳಬಹುದು, ಹೊರಡುವಾಗ ಉಳಿದ ಸಾರಿನ ಪುಡಿಯನ್ನು ಅಲ್ಲೇ ಇಟ್ಟು ಬರಬಹುದು. ಒಗ್ಗರಣೆಯ ಘಾಟು ಕೆಮ್ಮಿಸದಂತೆ ಕಿಟಕಿ ತೆರೆಯಿರಿ, ಪಾತ್ರೆ ತೊಳೆದಿಡಿ.

ನಮಗೆ ಛತ್ರಗಳು ಹೊಸವಲ್ಲ. ಚಾಪೆಯ ಪಕ್ಕ ಚಾಪೆ ಹಾಸಿ, ಒಂದೇ ಬಾವಿಯ ನೀರು ಸೇದಿ, ಬೆಳಗ್ಗೆ ಜಾಗ ಗುಡಿಸಿಟ್ಟು ಹೊರಟವರ ಮೊಮ್ಮಕ್ಕಳು ನಾವು. ಪ್ರಾಗ್‌ನ ಹಾಸ್ಟೆಲ್ ಕೇಳುವುದೂ ಅದನ್ನೇ. ಹಣದಲ್ಲಿ ಉಳಿದದ್ದನ್ನು ನಡತೆಯಲ್ಲಿ ಕೊಡಬೇಕು. ಅದು ಆಗುವುದಿಲ್ಲ ಎನ್ನುವವರಿಗೆ ಹೋಟೆಲ್ಲೇ ಸರಿ, ಅದರಲ್ಲಿ ತಪ್ಪೇನಿಲ್ಲ. ಆಗುತ್ತದೆ ಎನ್ನುವವರು ಸಣ್ಣ ಬೀಗ, ತೆಳು ಟವೆಲ್, ಹವಾಯಿ ಚಪ್ಪಲಿ ಚೀಲಕ್ಕೆ ಹಾಕಿಕೊಳ್ಳಿ. ಪ್ಲಾಸ್ಟಿಕ್ ಕವರ್ ಮನೆಯಲ್ಲೇ ಬಿಡಿ.