ವರ್ಣನೆಯಿಂದ ನಿಯಮಕ್ಕೆ: ಪಾತ್ರಾಭಿನಯದ ಮೇಜಿನಾಟಗಳಲ್ಲಿ ಋತುಮಾನ

ಮಹಾಕಾವ್ಯದ ಲಕ್ಷಣಗಳನ್ನು ನಿರೂಪಿಸುವಾಗ ಆಲಂಕಾರಿಕರು ಋತುವರ್ಣನೆಗೆ ನಿಶ್ಚಿತವಾದ ಸ್ಥಾನವನ್ನು ಕಲ್ಪಿಸಿದ್ದಾರೆ. ಕನ್ನಡದ ಚಂಪೂಕವಿಗಳು ಅಷ್ಟಾದಶ ವರ್ಣನೆಗಳ ಅಂಗವಾಗಿ ಅದನ್ನು ಪಾಲಿಸಿಕೊಂಡು ಬಂದರು. ಇಂಥ ವರ್ಣನೆಯಲ್ಲಿ ಸಾಮಾನ್ಯವಾಗಿ ಕಥೆಯ ನಡೆ ನಿಲ್ಲುತ್ತದೆ. ವರ್ಣನೆ ಮುಗಿದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಬಗೆಯೂ ಉಂಟು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ವಾಲಿವಧೆಯ ತರುವಾಯ ಮಳೆಗಾಲ ಬರುತ್ತದೆ; ಸೀತಾನ್ವೇಷಣೆ ತಡೆಯುತ್ತದೆ; ರಾಮ ಪ್ರಸ್ರವಣಗಿರಿಯಲ್ಲಿ ಕಾಯುತ್ತಾನೆ. ಶರತ್ಕಾಲ ಬಂದರೂ ಸುಗ್ರೀವ ಕದಲದಿದ್ದಾಗ ಲಕ್ಷ್ಮಣನ ಕೋಪ ಹುಟ್ಟುತ್ತದೆ. ಇಲ್ಲಿ ಋತು ಕೇವಲ ಅಲಂಕಾರವಲ್ಲ. ಅದು ಕ್ರಿಯೆಯನ್ನು ತಡೆಯುವ, ಗಡುವನ್ನು ವಿಧಿಸುವ ನಿಯಮ. ವರ್ಣನೆಯಾಗಿ ಋತು ಮತ್ತು ನಿಯಮವಾಗಿ ಋತು ಎಂಬ ಈ ಭೇದವು ಸಮಕಾಲೀನ ಕಥನಪ್ರಕಾರವೊಂದನ್ನು ಅರಿಯಲು ನೆರವಾಗುತ್ತದೆ. ಪಾತ್ರಾಭಿನಯದ ಮೇಜಿನಾಟವೇ ಆ ಪ್ರಕಾರ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಈ ಪ್ರಕಾರದ ಮೊದಲ ಮುದ್ರಿತ ಆಟವೆಂದು ಅದನ್ನು ಪರಿಗಣಿಸಲಾಗುತ್ತದೆ. ಕೆಲವರು ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬರು ನಿರೂಪಕರು, ಉಳಿದವರು ಒಂದೊಂದು ಪಾತ್ರದ ಪರವಾಗಿ ಮಾತನಾಡುತ್ತಾರೆ, ನಿರ್ಧರಿಸುತ್ತಾರೆ. ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ಉರುಳಿಸಲಾಗುತ್ತದೆ. ವೇಷವಿಲ್ಲದೆ ಕುಳಿತು, ಸ್ಥಳದಲ್ಲೇ ಮಾತು ಕಟ್ಟುವ ದೃಷ್ಟಿಯಿಂದ ಇದನ್ನು ತಾಳಮದ್ದಳೆಯೊಂದಿಗೆ ಹೋಲಿಸಬಹುದು. ಆದರೆ ತಾಳಮದ್ದಳೆಯ ಪ್ರಸಂಗದ ಅಂತ್ಯ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಅಲ್ಲದೆ ಇಲ್ಲಿ ಆಡುವವರೇ ಪ್ರೇಕ್ಷಕರು.

ಈ ಆಟಗಳ ಆರಂಭಿಕ ಘಟ್ಟದಲ್ಲಿ ಕಥೆ ಬಹುಮಟ್ಟಿಗೆ ನೆಲಮಾಳಿಗೆ, ಸುರಂಗಗಳಲ್ಲಿ ನಡೆಯುತ್ತಿತ್ತು. ನೆಲದಡಿಗೆ ಮಳೆಯೂ ಇಲ್ಲ, ಮಾಗಿಯೂ ಇಲ್ಲ. ಆಟದೊಳಗಿನ ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಬೇಕೆಂದು ೧೯೭೯ರ ನಿರೂಪಕರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಒತ್ತಿ ಹೇಳಿದ್ದರು. ೧೯೮೩ರಲ್ಲಿ ಬಂದ 'ಗ್ರೇಹಾಕ್' ಲೋಕದ ಪೆಟ್ಟಿಗೆಯಲ್ಲಿ ಹವಾಮಾನವನ್ನು ದಾಳದಿಂದ ನಿರ್ಣಯಿಸುವ ಕೋಷ್ಟಕಗಳಿದ್ದವು. ಆದರೆ ಕೋಷ್ಟಕವೊಂದೇ ಋತುವನ್ನು ತರಲಾರದು. ನಿರೂಪಕರು 'ಇಂದು ಮಳೆ' ಎನ್ನುತ್ತಾರೆ; ಆಟಗಾರರು ಕೇಳಿಸಿಕೊಂಡು ಎಂದಿನಂತೆ ದಾರಿ ಹಿಡಿಯುತ್ತಾರೆ. ಮಳೆಯಿಂದ ಯಾವ ನಿರ್ಧಾರವೂ ಬದಲಾಗದಿದ್ದರೆ ಅದು ವರ್ಣನೆಯಾಗಿಯೇ ಉಳಿಯುತ್ತದೆ.

ಈ ಸ್ಥಿತಿಯನ್ನು ಮಾರ್ಪಡಿಸಿದ ಮುಖ್ಯ ಕೃತಿಗಳಲ್ಲಿ ಗ್ರೆಗ್ ಸ್ಟಾಫರ್ಡ್ ಅವರ 'ಪೆಂಡ್ರಾಗನ್' (೧೯೮೫) ಒಂದು. ಅದರ ವಸ್ತು ಬ್ರಿಟನ್ನಿನ ಆರ್ಥರ್ ರಾಜನ ಕಾಲದ ವೀರರ ಬದುಕು. ಸಾಮಾನ್ಯವಾಗಿ ವರ್ಷಕ್ಕೊಂದು ಸಾಹಸ. ಅದು ಮುಗಿದೊಡನೆ 'ಚಳಿಗಾಲದ ಹಂತ'. ಆಗ ವೀರನು ಮನೆಗೆ ಮರಳುತ್ತಾನೆ. ಅವನ ವಯಸ್ಸಿಗೆ ಒಂದು ವರ್ಷ ಕೂಡುತ್ತದೆ. ಜಮೀನಿನ ಆದಾಯವೆಷ್ಟು, ಲಾಯದ ಕುದುರೆ ಬದುಕಿತೇ, ಮಗು ಹುಟ್ಟಿತೇ ಎಂಬುದನ್ನೆಲ್ಲ ದಾಳ ಹೇಳುತ್ತದೆ. ೩೫ ವರ್ಷ ತುಂಬಿದ ಮೇಲೆ ಪ್ರತಿ ಚಳಿಗಾಲದಲ್ಲೂ ಮುಪ್ಪಿನ ದಾಳ ಉರುಳಿಸಬೇಕು, ದೇಹಬಲ ಕುಂದಬಹುದು. ವೀರ ಸತ್ತರೆ ಆಟಗಾರ ಅವನ ಮಗನ ಪಾತ್ರವನ್ನು ವಹಿಸಿಕೊಳ್ಳಬಹುದು. ೨೦೦೬ರಲ್ಲಿ ಪ್ರಕಟವಾದ ಇದರ ಬೃಹತ್ ಕಥಾನಕವು ಸುಮಾರು ಎಂಬತ್ತು ವರ್ಷಗಳ ಕಥಾಕಾಲವನ್ನು ವ್ಯಾಪಿಸುತ್ತದೆ. ವ್ಯಕ್ತಿಯ ಸಾಹಸಕಥೆ ಹೀಗೆ ವಂಶದ ಕಥೆಯಾಗುತ್ತದೆ. ಈ ಪರಿವರ್ತನೆಯನ್ನು ಸಾಧಿಸುವುದು ಯುದ್ಧದ ನಿಯಮವಲ್ಲ, ಋತುವಿನ ನಿಯಮ ಎಂಬುದು ಗಮನಾರ್ಹ.

ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ಅವರ 'ಆರ್ಸ್ ಮ್ಯಾಜಿಕಾ' (೧೯೮೭) ಋತುವನ್ನು ಸಂಪತ್ತಿನಂತೆ ಕಾಣುತ್ತದೆ. ಮಾಂತ್ರಿಕನಿಗೆ ವರ್ಷಕ್ಕೆ ನಾಲ್ಕು ಋತುಗಳು. ಒಂದನ್ನು ಗ್ರಂಥಾಧ್ಯಯನಕ್ಕೆ ಕೊಟ್ಟರೆ ಅದೇ ಋತು ಪ್ರಯೋಗಕ್ಕೆ ಸಿಗುವುದಿಲ್ಲ. ಸಾಹಸಕ್ಕೆ ಹೊರಟವನು ಅಧ್ಯಯನದ ಕಾಲವನ್ನು ತೆರುತ್ತಾನೆ. ಡೇವಿಡ್ ಪೀಟರ್ಸನ್ ಅವರ ಚಿತ್ರಕಥೆಯನ್ನು ಆಧರಿಸಿ ಲೂಕ್ ಕ್ರೇನ್ ರಚಿಸಿದ 'ಮೌಸ್ ಗಾರ್ಡ್' (೨೦೦೮) ಆಟದಲ್ಲಿ ಪಾತ್ರಗಳು ಇಲಿಗಳು. ಅಡವಿ, ಪ್ರಾಣಿಗಳು, ಇತರ ಇಲಿಗಳು ಇವುಗಳೊಂದಿಗೆ ಹವಾಮಾನವೂ ಅಲ್ಲಿ ಪ್ರತಿಸ್ಪರ್ಧಿಯ ಸ್ಥಾನ ಪಡೆದಿದೆ. ಚಳಿಗಾಲದಲ್ಲಿ ಕಾವಲಿನ ಇಲಿಗಳು ತಮ್ಮ ಕೋಟೆಗೆ ಹಿಂದಿರುಗುತ್ತವೆ.

ಏವರಿ ಆಲ್ಡರ್ ಅವರ 'ದಿ ಕ್ವಾಯಟ್ ಇಯರ್' (೨೦೧೩) ಈ ಪ್ರಕಾರದ ಅಂಚಿನಲ್ಲಿರುವ, ನಕ್ಷೆ ಬರೆಯುತ್ತ ಆಡುವ ಆಟ. ನಾಗರಿಕತೆ ಕುಸಿದ ಮೇಲೆ ಉಳಿದುಕೊಂಡ ಒಂದು ಸಮುದಾಯಕ್ಕೆ ನೆಮ್ಮದಿಯ ಒಂದು ವರ್ಷ ದೊರೆತಿದೆ. ಇಸ್ಪೀಟಿನ ೫೨ ಎಲೆಗಳೇ ಆ ವರ್ಷದ ೫೨ ವಾರಗಳು. ಆಟೀನು ವಸಂತಕ್ಕೆ, ಡೈಮಂಡು ಬೇಸಗೆಗೆ, ಕಳಾವರು ಶರತ್ಕಾಲಕ್ಕೆ, ಇಸ್ಪೇಟು ಚಳಿಗಾಲಕ್ಕೆ ಸಲ್ಲುತ್ತವೆ. ಇಸ್ಪೇಟಿನ ರಾಜ ಮೇಲೆ ಬಂದ ಕ್ಷಣವೇ ಆಟ ಮುಗಿಯುತ್ತದೆ. ಅದು ಚಳಿಗಾಲದ ಮೊದಲ ವಾರವೋ ಕೊನೆಯ ವಾರವೋ ತಿಳಿಯದು. ಅರ್ಧ ಕಟ್ಟಿದ್ದು ಅರ್ಧವಾಗಿಯೇ ಉಳಿಯುತ್ತದೆ.

ಈ ನಿದರ್ಶನಗಳಿಂದ ಋತುನಿಯಮದ ಮೂರು ಕಾರ್ಯಗಳನ್ನು ಗುರುತಿಸಬಹುದು. ಒಂದು, ತಡೆ: ನಿನ್ನೆ ಸಾಧ್ಯವಿದ್ದ ದಾರಿ ಇಂದು ಮುಚ್ಚುತ್ತದೆ. ಎರಡು, ಬೆಲೆ: ಪ್ರತಿಯೊಂದು ಆಯ್ಕೆಗೂ ಕಾಲವನ್ನು ತೆರಬೇಕಾಗುತ್ತದೆ. ಮೂರು, ಮರಳುವಿಕೆ: ಅದೇ ಋತು ಮತ್ತೆ ಬಂದಾಗ ಪಾತ್ರ ಮೊದಲಿನಂತಿರುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಮೇಲಿನ ಆಟಗಳೆಲ್ಲ ಶೀತದೇಶದ ನಾಲ್ಕು ಋತುಗಳನ್ನು ಆಧರಿಸಿವೆ. ಅವುಗಳಲ್ಲಿ ತಡೆಯುವ ಋತು ಹಿಮದ ಚಳಿಗಾಲ. ಕನ್ನಡ ನಾಡಿನಲ್ಲಿ ಇವುಗಳನ್ನು ಆಡುವವರು ಹಿಮವನ್ನೇ ಅನುಕರಿಸಿದರೆ ಋತು ಪುನಃ ವರ್ಣನೆಯಾಗಿಬಿಡುವ ಅಪಾಯವಿದೆ. ಈ ನೆಲದಲ್ಲಿ ದಾರಿ ಮುಚ್ಚುವುದು ಮಳೆಗಾಲ. ಯತಿಗಳು ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸ್ಯ ಅಂಥ ನಿಯಮವೇ. ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವುದು, ತಾಳಮದ್ದಳೆಯ ಕೂಟಗಳು ಹೆಚ್ಚಾಗಿ ಕೂಡುವುದು ಮಳೆಗಾಲದಲ್ಲಿಯೇ. ತುಳುನಾಡಿನಲ್ಲಿ ಚೆನ್ನೆಮಣೆ ಆಟಿ ತಿಂಗಳಿನ ಆಟ. ಕಾಲಗಣನೆಗೂ ದೇಶೀಯ ಘಟಕ ಲಭ್ಯವಿದೆ: ರೈತರು ಎಣಿಸುವ ಮಳೆನಕ್ಷತ್ರಗಳು. ಒಂದೊಂದು ನಕ್ಷತ್ರದ ಅವಧಿ ಸುಮಾರು ಹದಿಮೂರು ಹದಿನಾಲ್ಕು ದಿನ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸರದಿಯನ್ನು ಎಣಿಸಿದರೆ ಬಿತ್ತನೆಯ ಹದವೂ ಹೊಳೆ ದಾಟುವ ಅಪಾಯವೂ ಆಟದ ನಿರ್ಧಾರಗಳಾಗುತ್ತವೆ. ಹದ ತಪ್ಪಿದ ಬಿತ್ತನೆಗೆ ಆ ವರ್ಷ ಎರಡನೆಯ ಅವಕಾಶವಿಲ್ಲದಿರಬಹುದು.

ಇದರಿಂದ ವರ್ಣನೆ ನಿರರ್ಥಕವೆಂದು ಭಾವಿಸಬೇಕಾಗಿಲ್ಲ. ಕಿಷ್ಕಿಂಧಾಕಾಂಡದ ಮಳೆ ಮನಸ್ಸಿನಲ್ಲಿ ಉಳಿಯುವುದು ಅಲ್ಲಿ ವರ್ಣನೆ ಮತ್ತು ತಡೆ ಎರಡೂ ಒಂದಾಗಿರುವುದರಿಂದ. ಕಾಯುವವನ ಕಣ್ಣಿಗೆ ಕಾಣುವ ಮೋಡವನ್ನೇ ಕವಿ ವರ್ಣಿಸುತ್ತಾನೆ. ಮೇಜಿನ ಸುತ್ತ ಕುಳಿತು ಕಥೆ ಕಟ್ಟುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಋತುವಿನಿಂದ ಪಾತ್ರವೊಂದು ಏನನ್ನಾದರೂ ಕಳೆದುಕೊಳ್ಳುವಂತಾದಾಗಲೇ ಆ ಋತುವನ್ನು ಬಣ್ಣಿಸುವ ಮಾತಿಗೆ ತೂಕ ಬರುತ್ತದೆ.