ವೃಷಣದ ಬಾವು ಕ್ಷಯವಾಗಿದ್ದರೆ?

ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ದವಾಖಾನೆಗೆ ಬರುವ ಗಂಡಸರು ಬೇರೆಲ್ಲ ನೋವನ್ನು ಹೇಳುತ್ತಾರೆ. ವೃಷಣದ ಬಾವನ್ನು ಮಾತ್ರ ಮುಚ್ಚಿಡುತ್ತಾರೆ. ಅದು ಕ್ಷಯವೆಂದು ಗೊತ್ತಾದರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ: “ಇದನ್ನು ಎಲ್ಲಿಂದ ಅಂಟಿಸಿಕೊಂಡು ಬಂದ?” ಈ ಗುಮಾನಿಯಿಂದ ಸಂಸಾರ ಒಡೆಯಬಾರದು. ಆದ್ದರಿಂದ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಿ.

ಕ್ಷಯದ ರೋಗಾಣು ಸಾಮಾನ್ಯವಾಗಿ ರೋಗಿಯ ಕೆಮ್ಮಿನಿಂದ ಗಾಳಿಗೆ ಸೇರಿ ನಮ್ಮ ಶ್ವಾಸಕೋಶಕ್ಕೆ ಬರುತ್ತದೆ. ಅಲ್ಲಿಂದ ರಕ್ತದ ಮೂಲಕ ಮೂತ್ರಪಿಂಡಕ್ಕೆ, ವೃಷಣದ ಹಿಂಬದಿಯ ಸುರುಳಿನಾಳಕ್ಕೆ ತಲುಪಬಹುದು. ವರ್ಷಗಟ್ಟಲೆ ಸುಮ್ಮನಿದ್ದು ತಲೆಯೆತ್ತುವುದೂ ಉಂಟು. ಹಾಗಾಗಿ ಈ ರೋಗ ಯಾರ ನಡತೆಗೂ ಸಾಕ್ಷಿಯಲ್ಲ.

ಲಕ್ಷಣಗಳೇನು? ನಿಧಾನವಾಗಿ ಬೆಳೆಯುವ, ಹೆಚ್ಚು ನೋವಿಲ್ಲದ ಗಟ್ಟಿ ಬಾವು. ಕೆಲವರಲ್ಲಿ ಚರ್ಮ ಒಡೆದು ಕೀವು. ಮೂತ್ರದಲ್ಲಿ ಉರಿ ಅಥವಾ ರಕ್ತ. ಸಂಜೆಯ ಜ್ವರ, ತೂಕ ಇಳಿಕೆ. ಕ್ಯಾನ್ಸರ್ ಕೂಡ ಗಟ್ಟಿ ಬಾವಾಗಿ ಕಾಣಿಸಬಹುದು, ಆದ್ದರಿಂದ ಸ್ಕ್ಯಾನಿಂಗ್, ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಹಠಾತ್ತನೆ ತೀವ್ರ ನೋವು ಬಂದರೆ ವೃಷಣ ತಿರುಚಿಕೊಂಡಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಪತ್ನಿಗೆ ತಗಲುತ್ತದೆಯೇ? ವೀರ್ಯದಲ್ಲಿ ರೋಗಾಣು ಇರಬಹುದು. ದಾಂಪತ್ಯ ಸಂಪರ್ಕದಿಂದ ಹರಡಿದ್ದು ಉಂಟು, ಆದರೆ ಬಹಳ ವಿರಳ. ವೈದ್ಯರು ಹೇಳುವವರೆಗೆ ದೂರವಿರಿ ಅಥವಾ ಕಾಂಡೋಮ್ ಬಳಸಿ. ಶ್ವಾಸಕೋಶದಲ್ಲೂ ರೋಗವಿದ್ದರೆ ಕೆಮ್ಮಿನಿಂದ ಮನೆಮಂದಿಗೆಲ್ಲ ಹರಡುವ ಅಪಾಯವೇ ದೊಡ್ಡದು. ಅದಕ್ಕಾಗಿ ರೋಗಿಗೆ ಎದೆಯ ಎಕ್ಸ್‌ರೇ, ಮನೆಯವರಿಗೆ ತಪಾಸಣೆ ಆಗಲಿ. ಎಚ್.ಐ.ವಿ. ಪರೀಕ್ಷೆಯನ್ನು ಕ್ಷಯದ ಎಲ್ಲ ರೋಗಿಗಳಿಗೂ ಮಾಡುತ್ತಾರೆ. ಅದನ್ನು ಆರೋಪವೆಂದು ತಿಳಿಯಬೇಡಿ.

ಕ್ಷಯ ಅಂಟುವ ರೋಗವೆಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದರು. ಆದರೆ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಮಾಜೂನ್, ಖಮೀರಾಗಳಿಂದ ಈ ರೋಗಾಣು ಸಾಯುವುದಿಲ್ಲ. ಸಾಮಾನ್ಯವಾಗಿ 6 ತಿಂಗಳು ಟಿ.ಬಿ. ಮಾತ್ರೆ ತಪ್ಪದೆ ನುಂಗಬೇಕು: ಮೊದಲ 2 ತಿಂಗಳು 4 ಔಷಧಿ, ನಂತರದ 4 ತಿಂಗಳು 3 ಔಷಧಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಯೂ ಇದೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ಕೂಡಲೇ ವೈದ್ಯರಿಗೆ ತೋರಿಸಿ.

ಬಾವು ಇಳಿಯಿತೆಂದು ನಡುವೆ ಮಾತ್ರೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ತಡಮಾಡಿದರೆ ನಾಳ ಮುಚ್ಚಿಕೊಂಡು ಸಂತಾನಕ್ಕೂ ತೊಂದರೆ. ಸಹೋದರರೇ, ನಾಚಿಕೆ ಬದಿಗಿಟ್ಟು ಪತ್ನಿಗೆ ಹೇಳಿ. ಸಹೋದರಿಯರೇ, ಗುಮಾನಿ ಬಿಟ್ಟು ಅವರ ಜೊತೆಗೆ ಆಸ್ಪತ್ರೆಗೆ ಹೊರಡಿ.