ಟಿಕೆಟ್ ತೆಗೆಸುವುದು ಚಾವಣಿಯೋ, ಗೆಲುವೋ?

2025ರ ಮೇ 17ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯದ ಟಾಸ್ ಕೂಡ ಆಗಲಿಲ್ಲ. ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದ ಕೊಹ್ಲಿಗೆಂದು ಬಿಳಿ ಅಂಗಿ ತೊಟ್ಟು ಬಂದಿದ್ದ ಜನ ಮಳೆಯಲ್ಲಿ ತೊಯ್ದು ಮನೆಗೆ ಹೋದರು. ಆ ಮೈದಾನದ ಹುಲ್ಲಿನಡಿ ನೀರು ಹೀರುವ ಕೊಳವೆಗಳ ಜಾಲ 2017ರಿಂದಲೇ ಇದೆ. ಮಳೆ ನಿಂತ ಮೇಲೆ ಅದರ ಕೆಲಸ ನೋಡಲು ಚೆಂದ. ಮಳೆಯೇ ನಿಲ್ಲದಿದ್ದರೆ ಪಾಪ, ಅದಾದರೂ ಏನು ಮಾಡೀತು?

ಈ ಮಳೆಯ ಬೆನ್ನಿಗೇ ಓದುಗರೊಬ್ಬರು ಕೇಳಿದರು: "ಅಮೆರಿಕದಲ್ಲಿ ಬೇಸ್‌ಬಾಲ್ ಮೈದಾನಗಳಿಗೆ ಮಾಡು ಹಾಕಿದ್ದಾರಂತಲ್ಲ ಸಾರ್, ಅದರಿಂದ ಜನ ಜಾಸ್ತಿ ಬರ್ತಾರಾ? ಇಲ್ಲ, ತಂಡ ಗೆದ್ದರೆ ಮಾತ್ರ ಬರೋದಾ?" ಪ್ರಶ್ನೆ ನೋಡಲು ಸಣ್ಣದು. ಉತ್ತರಕ್ಕೆ ಕೈ ಹಾಕಿದರೆ ಅರವತ್ತು ವರ್ಷಗಳ ಲೆಕ್ಕದ ಪುಸ್ತಕ ತೆರೆಯಬೇಕು. ತೆರೆಯೋಣ.

ಮೊದಲ ಪುಟ ಟೆಕ್ಸಸ್‌ನ ಹ್ಯೂಸ್ಟನ್ನಿನದು. ಅಲ್ಲಿನ ಬೇಸಿಗೆ ಎಂದರೆ ಮಂಗಳೂರಿನ ಮೇ ತಿಂಗಳು ಎಂದುಕೊಳ್ಳಿ, ಜೊತೆಗೆ ಸೊಳ್ಳೆ. 1962ರಲ್ಲಿ ಹುಟ್ಟಿದ ಅಲ್ಲಿನ ತಂಡ ಮೊದಲ ಮೂರು ವರ್ಷ ಬಯಲಿನಲ್ಲೇ ಆಡಿತು. ತಂಡದ ಯಜಮಾನರಲ್ಲಿ ಒಬ್ಬನಾದ ರಾಯ್ ಹಾಫ್‌ಹೈನ್ಜ್ ನಗರದ ಮಾಜಿ ಮೇಯರ್, ಮಾತಿನ ಮಲ್ಲ. ರೋಮ್‌ನ ಪುರಾತನ ಕೊಲೋಸಿಯಮ್ಮಿಗೆ ಬಿಸಿಲು ತಡೆಯಲು ಬಟ್ಟೆಯ ಮೇಲ್ಕಟ್ಟು ಕಟ್ಟುತ್ತಿದ್ದರೆಂದು ಕೇಳಿದ್ದೇ ತನಗೆ ಸ್ಫೂರ್ತಿ ಎಂದು ಹೇಳಿಕೊಳ್ಳುತ್ತಿದ್ದ. 1965ರ ಏಪ್ರಿಲ್ 9ರಂದು ಅವನ ಆಸ್ಟ್ರೋಡೋಮ್ ಬಾಗಿಲು ತೆರೆಯಿತು. ನಡುವೆ ಒಂದೂ ಕಂಬವಿಲ್ಲದೆ 642 ಅಡಿ ಅಗಲಕ್ಕೆ ಕವುಚಿದ ಗುಮ್ಮಟ, ಒಳಗೆ ಹವಾನಿಯಂತ್ರಣ. ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದು ಕೂತರು, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್ ಚಾವಣಿಯ ಕೆಳಗಿನ ಮೊದಲ ಹೋಮ್ ರನ್ ಬಾರಿಸಿದ.

ಹುಲ್ಲು ಬೆಳೆಯಲೆಂದು ಗುಮ್ಮಟಕ್ಕೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಪಾರದರ್ಶಕ ಪ್ಲಾಸ್ಟಿಕ್ ಫಲಕಗಳನ್ನು ಜೋಡಿಸಿದ್ದರು. ಹಗಲು ಆಟ ಶುರುವಾದಾಗ ಗೊತ್ತಾಯಿತು ಎಡವಟ್ಟು: ಮೇಲೆ ಹಾರಿದ ಬಿಳಿ ಚೆಂಡು ಫಲಕಗಳ ಝಳಪಿನಲ್ಲಿ ಮಾಯ! ಫೀಲ್ಡರ್‌ಗಳು ತಲೆ ಕಾಯ್ದುಕೊಳ್ಳುವುದೇ ಕಷ್ಟವಾಯಿತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಬಿಸಿಲು ಹೋಯಿತು, ಹುಲ್ಲು ಸತ್ತಿತು. ಆ ವರ್ಷ ಸತ್ತ ಹುಲ್ಲಿಗೂ ಮಣ್ಣಿಗೂ ಹಸಿರು ಬಣ್ಣ ಹೊಡೆದು ಆಡಿದರು. ಮರುವರ್ಷ ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಬಂತು. ಇವತ್ತು ಹಾಕಿ ಮೈದಾನದಿಂದ ಅಪಾರ್ಟ್‌ಮೆಂಟ್ ಬಾಲ್ಕನಿಯವರೆಗೆ ಹರಡಿರುವ ಕೃತಕ ಹುಲ್ಲು ಹೆಸರು ಮಾಡಿದ್ದು ಹೀಗೆ, ಒಂದು ಚಾವಣಿಯ ತಪ್ಪಿನಿಂದ.

ಈಗ ಲೆಕ್ಕಕ್ಕೆ ಬರೋಣ. 1964ರಲ್ಲಿ ಬಯಲಿನಲ್ಲಿ ಆಡಿದ ಹ್ಯೂಸ್ಟನ್ ತಂಡ 66 ಪಂದ್ಯ ಗೆದ್ದು 96 ಸೋತಿತ್ತು. ನೋಡಲು ಬಂದವರು 7 ಲಕ್ಷ 25 ಸಾವಿರ. 1965ರಲ್ಲಿ ಗುಮ್ಮಟದೊಳಗೆ 65 ಗೆದ್ದು 97 ಸೋತಿತು. ಬಂದವರು 21 ಲಕ್ಷ 51 ಸಾವಿರ. ತಂಡ ಒಂದು ಪಂದ್ಯ ಹೆಚ್ಚೇ ಸೋತಿದೆ, ಜನ ಮೂರು ಪಟ್ಟು! ಪ್ರಯೋಗಾಲಯದಲ್ಲೂ ಇಷ್ಟು ಶುದ್ಧ ಪ್ರಯೋಗ ಸಿಗುವುದು ಅಪರೂಪ. ಚಾವಣಿಯೇ ಗೆದ್ದಿತು ಎಂದು ಪುಸ್ತಕ ಮುಚ್ಚಿಬಿಡಬಹುದಿತ್ತು.

ಮುಚ್ಚದೆ ಪುಟ ತಿರುಗಿಸಿ. ಎರಡೇ ವರ್ಷದಲ್ಲಿ, 1967ಕ್ಕೆ, ಸಂಖ್ಯೆ ಹದಿಮೂರೂವರೆ ಲಕ್ಷಕ್ಕೆ ಇಳಿದಿತ್ತು. 1975ರಲ್ಲಿ ತಂಡ 97 ಪಂದ್ಯ ಸೋತು ಕೊನೆಯ ಸ್ಥಾನಕ್ಕೆ ಬಿದ್ದಾಗ ಬಂದವರು 8 ಲಕ್ಷ 58 ಸಾವಿರ. 1980ರಲ್ಲಿ ಮೊದಲ ಬಾರಿಗೆ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಗೆದ್ದಾಗ 22 ಲಕ್ಷ 78 ಸಾವಿರ. ಗುಮ್ಮಟ ಅದೇ, ಹವಾನಿಯಂತ್ರಣ ಅದೇ, ಸೊಳ್ಳೆ ಯಾವ ವರ್ಷವೂ ಒಳಗೆ ಬರಲಿಲ್ಲ. ಹಾಗಾದರೆ 1965ರಲ್ಲಿ ಜನ ನೋಡಲು ಬಂದದ್ದು ಏನನ್ನು?

ಇದಕ್ಕೆ ನನ್ನ ಬಾಲ್ಯದ ಒಂದು ಟಾಕೀಸು ಉತ್ತರ ಹೇಳುತ್ತದೆ. ನಮ್ಮೂರಿನಲ್ಲಿ ಟೆಂಟ್ ಸಿನಿಮಾ ಇತ್ತು. ಮುಂದೆ ನೆಲ, ಹಿಂದೆ ಬೆಂಚು. ಮಳೆ ಜೋರಾದರೆ ನಾಯಕನ ಮಾತು ಕೇಳಿಸುತ್ತಿರಲಿಲ್ಲ, ಗಾಳಿ ಜೋರಾದರೆ ಪರದೆಯ ಮೇಲೆ ನಾಯಕಿಯ ಮುಖ ಬಳುಕುತ್ತಿತ್ತು. ಆಮೇಲೆ ಗಟ್ಟಿ ಕಟ್ಟಡದ ಟಾಕೀಸು ಬಂತು. ಮೆತ್ತನೆ ಕುರ್ಚಿ, ಮೇಲೆ ಫ್ಯಾನು, ಬಣ್ಣದ ದೀಪ. ಮೊದಲ ತಿಂಗಳು ಯಾವ ಪಿಕ್ಚರ್ ಎಂದು ಕೇಳದೆಯೇ ಊರಿಗೆ ಊರೇ ಹೋಯಿತು. ನಮ್ಮಜ್ಜಿ ಪಿಕ್ಚರ್ ಮುಗಿದು ಬಂದು ಹೇಳಿದ್ದು ಕಥೆಯನ್ನಲ್ಲ, ಕುರ್ಚಿಯನ್ನು: "ಎದ್ದರೆ ತಾನೇ ಮಡಚಿಕೊಳ್ಳುತ್ತೆ ಕಣೋ!" ಮುಂದಿನ ವರ್ಷದ ಹೊತ್ತಿಗೆ ಕುರ್ಚಿ ಮಡಚಿಕೊಳ್ಳುವುದು ಯಾರಿಗೂ ಸುದ್ದಿಯಾಗಿರಲಿಲ್ಲ. ಒಳ್ಳೆ ಪಿಕ್ಚರ್ ಬಂದರೆ ಹೌಸ್‌ಫುಲ್, ಇಲ್ಲದಿದ್ದರೆ ಗೇಟಿನವನೂ ನಾಲ್ಕು ನಾಯಿಗಳೂ.

ಕ್ರೀಡಾ ಅರ್ಥಶಾಸ್ತ್ರಜ್ಞರು ಹೊಸ ಮೈದಾನದ ಈ ಸೆಳೆತಕ್ಕೆ ಮಧುಚಂದ್ರ ಎಂದೇ ಹೆಸರಿಟ್ಟಿದ್ದಾರೆ. ನಾನು ಇದನ್ನು ಅಜ್ಜಿಯ ಕುರ್ಚಿ ಎಂದು ಕರೆಯುತ್ತೇನೆ. ಚಾವಣಿಯ ಲಾಭವೆಂದು ನಾವು ಬರೆದುಕೊಳ್ಳುವುದರಲ್ಲಿ ಎಷ್ಟು ಪಾಲು ಈ ಕುರ್ಚಿಯದು ಎಂಬುದನ್ನು ಬೇರ್ಪಡಿಸುವುದೇ ಇಲ್ಲಿನ ವಿಜ್ಞಾನ.

ಬೇರ್ಪಡಿಸುವುದು ಹೇಗೆ? ಚಾವಣಿಯನ್ನು ಕಿತ್ತು ನೋಡಬೇಕು. ಮಿನೆಸೋಟಾದವರು ಅದನ್ನೂ ಮಾಡಿದ್ದಾರೆ. ಏಪ್ರಿಲ್‌ನಲ್ಲೂ ಹಿಮ ಬೀಳುವ ಆ ರಾಜ್ಯದ ಟ್ವಿನ್ಸ್ ತಂಡ 1982ರಿಂದ ಮೆಟ್ರೋಡೋಮ್ ಎಂಬ, ಗಾಳಿಯ ಒತ್ತಡದಿಂದಲೇ ಉಬ್ಬಿ ನಿಂತ ಬಟ್ಟೆಯ ಗುಮ್ಮಟದೊಳಗೆ ಆಡುತ್ತಿತ್ತು. 2010ರಲ್ಲಿ ಚಾವಣಿಯೇ ಇಲ್ಲದ ಟಾರ್ಗೆಟ್ ಫೀಲ್ಡ್‌ಗೆ ಬಂತು. ಬೆಚ್ಚಗಿನ ಮನೆ ಬಿಟ್ಟು ಬಯಲಿಗೆ ಬಂದರೆ ಜನ ಕಡಿಮೆಯಾಗಬೇಕಲ್ಲವೇ? 24 ಲಕ್ಷವಿದ್ದದ್ದು 32 ಲಕ್ಷಕ್ಕೆ ಏರಿತು! ಹ್ಯೂಸ್ಟನ್ನಿನಲ್ಲಿ ಚಾವಣಿ ಬಂದದ್ದೇ ಹೊಸದು, ಮಿನೆಸೋಟಾದಲ್ಲಿ ಆಕಾಶ ಕಂಡದ್ದೇ ಹೊಸದು. 2016ರಲ್ಲಿ ಟ್ವಿನ್ಸ್ 103 ಪಂದ್ಯ ಸೋತಾಗ ಸಂಖ್ಯೆ 20 ಲಕ್ಷದ ಕೆಳಗೆ ಇಳಿಯಿತು. ಅದೇ ಆಕಾಶ, ಅದೇ ನಕ್ಷತ್ರ.

ಹೊಸತನ ಒಂದೇ ಸಾಕೆಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಬೇಕೇ? ಬೇಸ್‌ಬಾಲ್ ಇತಿಹಾಸದಲ್ಲಿ ಒಂದೇ ವರ್ಷ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆದ ದಾಖಲೆ ಇಂದಿಗೂ ಕೊಲರಾಡೊ ರಾಕೀಸ್ ತಂಡದ್ದು: 1993ರಲ್ಲಿ 44 ಲಕ್ಷ 83 ಸಾವಿರ. ಚಾವಣಿ ಇರಲಿಲ್ಲ. ಗೆಲುವೂ ಇರಲಿಲ್ಲ, 95 ಸೋಲು. ಇದ್ದದ್ದು ಎರಡೇ: ಊರಿಗೆ ಮೊಟ್ಟಮೊದಲ ದೊಡ್ಡ ಲೀಗಿನ ಬೇಸ್‌ಬಾಲ್ ತಂಡ ಬಂದ ಸಂಭ್ರಮ, ಬಂದವರನ್ನೆಲ್ಲ ಕೂರಿಸಬಲ್ಲ ಫುಟ್‌ಬಾಲ್ ಕ್ರೀಡಾಂಗಣ.

ಹಾಗೆಂದು ಚಾವಣಿ ದಂಡ ಎಂದಲ್ಲ. ಅದರ ನಿಜವಾದ ಕೆಲಸ ಬೇರೆ ಇದೆ. ಪ್ರತಿ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, 81 ತವರಿನಲ್ಲಿ. ಹೆಚ್ಚುಕಡಿಮೆ ದಿನಾ ಪಂದ್ಯ. ಮಳೆಯಿಂದ ರದ್ದಾದರೆ ಟಿಕೆಟ್ ಹಾಳಾಗುವುದಿಲ್ಲ, ಇನ್ನೊಂದು ದಿನ ಅದೇ ಟಿಕೆಟ್ಟಿನಲ್ಲಿ ನೋಡಬಹುದು. 'ರೇನ್ ಚೆಕ್' ಎಂಬ ಮಾತು ಬಳಕೆಗೆ ಬಂದದ್ದೇ ಈ ಆಟದಿಂದ. ನಾಲ್ಕು ಬೀದಿ ಆಚೆ ಇರುವವನಿಗೆ ಇದರಿಂದ ನಷ್ಟವಿಲ್ಲ. ಇನ್ನೂರು ಮೈಲಿ ದೂರದಿಂದ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಬರುವವನಿಗೆ? ಅವನು ಆಟ ಖಾತ್ರಿ ಇದ್ದರಷ್ಟೇ ಟಿಕೆಟ್ ತೆಗೆಯುತ್ತಾನೆ. ಚಾವಣಿ ಮಾರುವುದು ನೆರಳನ್ನಲ್ಲ, ಖಾತ್ರಿಯನ್ನು.

ಖಾತ್ರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕ್ಲೀವ್‌ಲ್ಯಾಂಡ್ 2007ರಲ್ಲಿ ಕಂಡಿತು. ಏಪ್ರಿಲ್ 6, ತವರಿನ ಮೊದಲ ಪಂದ್ಯ, ಹಿಮ ಸುರಿಯುತ್ತಿದೆ. ಐದನೇ ಇನಿಂಗ್ಸ್‌ನ ಮೊದಲರ್ಧ ಮುಗಿದರೆ ಪಂದ್ಯ ಅಧಿಕೃತ. ಪಿಚರ್ ಪಾಲ್ ಬರ್ಡ್ ಎದುರಾಳಿಗಳಿಗೆ ಒಂದು ಹಿಟ್ಟನ್ನೂ ಕೊಟ್ಟಿಲ್ಲ, ಅದು ಮುಗಿಯಲು ಇನ್ನೊಂದೇ ಒಂದು ಸ್ಟ್ರೈಕ್ ಬೇಕು. ಎದುರಾಳಿ ತಂಡದ ಮ್ಯಾನೇಜರ್ ಮೈದಾನಕ್ಕೆ ಬಂದು ಚೆಂಡೇ ಕಾಣುತ್ತಿಲ್ಲ ಎಂದು ವಾದ ಹೂಡಿದ. ಪಂದ್ಯ ನಿಂತಿತು, ಆ ಇಡೀ ಸರಣಿಯೇ ಹಿಮದಲ್ಲಿ ಹೂತುಹೋಯಿತು. ಮುಂದಿನ ಸರಣಿಯನ್ನು ಸರಿಯುವ ಚಾವಣಿಯಿದ್ದ ಮಿಲ್ವಾಕಿಗೆ ಒಯ್ದರು. ಎರಡೂ ತಂಡಗಳು ಬೇರೆ ಊರಿನವು, ಟಿಕೆಟ್ ಹತ್ತೇ ಡಾಲರ್. ಮೊದಲ ಪಂದ್ಯಕ್ಕೇ ಸುಮಾರು 19 ಸಾವಿರ ಜನ! ಯಾರ ತಂಡವಾದರೇನು, ಆಟ ನಡೆಯುವುದು ಖಾತ್ರಿ, ಬೆಲೆ ಅಗ್ಗ ಎಂದರೆ ಅರ್ಧ ಮೈದಾನ ತುಂಬುತ್ತದೆ. ಉಳಿದರ್ಧ ತುಂಬಲು ಗೆಲ್ಲಬೇಕು.

ಗೆಲುವಿನ ಸೆಳೆತ ನೋಡಲು ಟೊರಾಂಟೊಗೆ ಹೋಗಬೇಕು. 1982ರಲ್ಲಿ ಅಲ್ಲಿ ಕೆನಡಾ ಫುಟ್‌ಬಾಲ್ ಫೈನಲ್ ಸುರಿಮಳೆಯಲ್ಲಿ ನಡೆದು, ನೆನೆದ ಜನ ಗುಮ್ಮಟ ಬೇಕೆಂದು ಕೂಗಿದ್ದರು. ಆ ಕೂಗಿನಿಂದ ಹುಟ್ಟಿದ ಸ್ಕೈಡೋಮ್‌ನ ಚಾವಣಿಗೆ ನಾಲ್ಕು ಭಾಗ. ಮೂರು ಸರಿಯುತ್ತವೆ, ಇಪ್ಪತ್ತು ನಿಮಿಷದಲ್ಲಿ ಆಕಾಶ. 1989ರ ಜೂನ್‌ನಲ್ಲಿ ಉದ್ಘಾಟನೆಯ ರಾತ್ರಿ ಮಳೆ ಬರುತ್ತಿದ್ದರೂ ಜಂಬಕ್ಕೆ ಚಾವಣಿ ತೆರೆದರು. ಮಳೆ ತಡೆಯಲೆಂದೇ ಕಟ್ಟಿದ ಕಟ್ಟಡದೊಳಗೆ ಜನ ಮೊದಲ ದಿನವೇ ತೊಪ್ಪೆಯಾದರು!

ತೊಯ್ದರೂ ಬಂದರು. 1991ರಲ್ಲಿ ಟೊರಾಂಟೊ ಬ್ಲೂ ಜೇಸ್ 40 ಲಕ್ಷ ದಾಟಿದ ಮೊದಲ ತಂಡವಾಯಿತು. 1992, 1993ರಲ್ಲಿ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದು ಇನ್ನೂ ಮೇಲೇರಿತು. ಮಧುಚಂದ್ರವೂ ಗೆಲುವೂ ಕೂಡಿದ ವರ್ಷಗಳವು. ಆಮೇಲೆ ಆಟಗಾರರ ಮುಷ್ಕರ, ಸಾಲು ಸಾಲು ಸಪ್ಪೆ ವರ್ಷಗಳು. 2002ರಲ್ಲಿ ಬಂದವರು ಸುಮಾರು 16 ಲಕ್ಷ. 22 ವರ್ಷಗಳ ಬಳಿಕ, 2015ರಲ್ಲಿ, ತಂಡ ಪ್ಲೇಆಫ್ ತಲುಪಿತು. ಆ ವರ್ಷ 28 ಲಕ್ಷ, ಮರುವರ್ಷ ಸುಮಾರು 34 ಲಕ್ಷ. ದೊಡ್ಡ ಏರಿಕೆ ಕಂಡದ್ದು ಗೆದ್ದ ಮರುವರ್ಷವೂ ಹೌದು ಎಂಬುದನ್ನು ಗಮನಿಸಿ. ಟ್ವಿನ್ಸ್ 1987ರಲ್ಲಿ ಕಪ್ ಗೆದ್ದಿತು, 30 ಲಕ್ಷ ದಾಟಿದ್ದು 1988ರಲ್ಲಿ. ಇಡೀ ವರ್ಷದ ಟಿಕೆಟ್ ಚಳಿಗಾಲದಲ್ಲೇ ಮಾರಾಟವಾಗುತ್ತದೆ. ಜನ ಕೊಳ್ಳುವುದು ಹೋದ ವರ್ಷದ ನೆನಪನ್ನು.

ಇಷ್ಟಾದರೂ ಚಾವಣಿಗೆ ಇಂತಿಷ್ಟು, ಗೆಲುವಿಗೆ ಇಂತಿಷ್ಟು ಎಂದು ತಕ್ಕಡಿ ಹಿಡಿಯುವವರನ್ನು ಕಂಡರೆ ನನಗೆ ಅನುಮಾನ. 30 ತಂಡಗಳಲ್ಲಿ ಎಂಟು ಮೈದಾನಗಳಿಗಷ್ಟೇ ಚಾವಣಿ. ಅದನ್ನು ಹಾಕಿಸಿದ ಊರುಗಳೂ ಸುಮ್ಮನೆ ಹಾಕಿಸಿದ್ದಲ್ಲ, ಸೆಕೆಯೋ ಮಳೆಯೋ ಚಳಿಯೋ ಕಾಡಿದ್ದರಿಂದ. ಲಾಸ್ ಏಂಜಲೀಸ್‌ಗೆ ಚಾವಣಿಯ ಯೋಚನೆಯೇ ಬೇಡ. 1978ರಲ್ಲಿ 30 ಲಕ್ಷ ದಾಟಿದ ಮೊದಲ ತಂಡ ಬಯಲಿನಲ್ಲಿ ಆಡಿದ ಅಲ್ಲಿನ ಡಾಡ್ಜರ್ಸ್. ಕೊಡೆ ಹಿಡಿದವರನ್ನೂ ಹಿಡಿಯದವರನ್ನೂ ಹೋಲಿಸಿ, ಕೊಡೆ ಹಿಡಿದವರೇ ಹೆಚ್ಚು ನೆನೆದಿದ್ದಾರೆ ಎಂದರೆ ತಪ್ಪು ಕೊಡೆಯದೇ? ಇನ್ನು 'ಪ್ರೇಕ್ಷಕರ ಸಂಖ್ಯೆ' ಎಂದು ಅಚ್ಚಾಗುವುದೂ ಪ್ರೇಕ್ಷಕರ ಸಂಖ್ಯೆಯಲ್ಲ. 1993ರಿಂದ ಬೇಸ್‌ಬಾಲ್‌ನ ಎರಡೂ ದೊಡ್ಡ ಲೀಗ್‌ಗಳು ಲೆಕ್ಕ ಹಿಡಿಯುವುದು ಮಾರಾಟವಾದ ಟಿಕೆಟ್ಟನ್ನು, ಗೇಟು ದಾಟಿದ ತಲೆಯನ್ನಲ್ಲ. ಮಳೆಗೆ ಹೆದರಿ ಮನೆಯಲ್ಲೇ ಕೂತವನೂ ಪುಸ್ತಕದಲ್ಲಿ ಹಾಜರು.

ಅನುಮಾನಕ್ಕೆ ಇನ್ನೊಂದು ಕಾರಣ ದುಡ್ಡು. ಚಾವಣಿ ಹಾಕಿಸಿಕೊಡಿ, ಜನ ತಾನಾಗಿ ಬರುತ್ತಾರೆ ಎಂದು ತಂಡಗಳು ನಗರಗಳಿಂದ ಕೋಟಿಗಟ್ಟಲೆ ಪಡೆದಿವೆ. ಮಯಾಮಿಯಲ್ಲಿ ಬಹುಪಾಲು ಸಾರ್ವಜನಿಕ ಹಣದಿಂದ, 60 ಕೋಟಿ ಡಾಲರ್‌ಗೂ ಮಿಕ್ಕಿದ ಖರ್ಚಿನಲ್ಲಿ ಸರಿಯುವ ಚಾವಣಿಯ ಮೈದಾನ 2012ರಲ್ಲಿ ಎದ್ದಿತು. ಆ ವರ್ಷ 22 ಲಕ್ಷ ಜನ ಬಂದರು. ತಂಡ ವಿಭಾಗದಲ್ಲಿ ಕೊನೆಯದಾಯಿತು, ಯಜಮಾನರು ದುಬಾರಿ ಆಟಗಾರರನ್ನು ಬೇರೆ ತಂಡಗಳಿಗೆ ದಾಟಿಸಿಬಿಟ್ಟರು. ಮರುವರ್ಷ 16 ಲಕ್ಷ, 2018ರಲ್ಲಿ 8 ಲಕ್ಷ. ಅಜ್ಜಿಯ ಕುರ್ಚಿ ಅಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ತಡೆಯಲಿಲ್ಲ.

ಚಾವಣಿಯೂ ಗೆಲುವೂ ಎರಡೂ ಇದ್ದು ಜನರಿಲ್ಲದ ಊರೂ ಇದೆ. ಫ್ಲಾರಿಡಾದ ಟ್ಯಾಂಪಾ ಬೇ ರೇಸ್ 2019ರಲ್ಲಿ 96 ಪಂದ್ಯ ಗೆದ್ದಿತು; ನೋಡಿದವರು 12 ಲಕ್ಷಕ್ಕೂ ಕಡಿಮೆ, 30 ತಂಡಗಳಲ್ಲಿ 29ನೇ ಸ್ಥಾನ. ಗುಮ್ಮಟವಿರುವುದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಟ್ಯಾಂಪಾ ಕಡೆಯ ಜನ ಆಫೀಸು ಮುಗಿಸಿ, ಕೊಲ್ಲಿಯ ಮೇಲಿನ ಉದ್ದದ ಸೇತುವೆಗಳ ಟ್ರಾಫಿಕ್ಕಿನಲ್ಲಿ ತೆವಳಿ ಬರಬೇಕು. ನಮ್ಮ ಸಿಲ್ಕ್ ಬೋರ್ಡ್ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಆ ಗುಮ್ಮಟದ ಬಟ್ಟೆಯನ್ನೇ ಹರಿದು ಹಾಕಿತು.

ಓದುಗರ ಪ್ರಶ್ನೆಯನ್ನು ನಮ್ಮೂರಿಗೆ ತಂದರೆ, ಚಿನ್ನಸ್ವಾಮಿಯ ಕಥೆ ಬೇರೆ. ಐಪಿಎಲ್‌ನಲ್ಲಿ ತವರಿನ ಪಂದ್ಯಗಳು ಏಳು, ಎಂಬತ್ತೊಂದಲ್ಲ. 2025ರ ಜೂನ್‌ವರೆಗೆ ಬೆಂಗಳೂರಿನ ಆರ್‌ಸಿಬಿ ತಂಡ ಒಂದು ಕಪ್ಪೂ ಗೆಲ್ಲದೆ ಹದಿನೇಳು ಸಲ ಬರಿಗೈಯಲ್ಲಿ ಮರಳಿದ್ದರೂ ಟಿಕೆಟ್ಟಿಗೆ ನೂಕುನುಗ್ಗಲು ತಪ್ಪಿರಲಿಲ್ಲ. ತುಂಬಿದ ಕೊಡಕ್ಕೆ ಚಾವಣಿ ಇನ್ನೆಷ್ಟು ತುಂಬೀತು? ಹೆಚ್ಚೆಂದರೆ ಮೇ 17ರಂಥ ಒಂದು ಸಂಜೆಯನ್ನು ಉಳಿಸೀತು.

ಅದೂ ಪೂರ್ತಿ ಭರವಸೆಯಲ್ಲ. 1976ರ ಜೂನ್ 15ರಂದು ಹ್ಯೂಸ್ಟನ್ನಿನಲ್ಲಿ ಭಾರೀ ಮಳೆ. ಆಸ್ಟ್ರೋಡೋಮಿನ ಒಳಗೆ ಒಂದು ಹನಿ ಬೀಳಲಿಲ್ಲ. ತವರಿನ ಆಸ್ಟ್ರೋಸ್, ಎದುರಾಳಿ ಪಿಟ್ಸ್‌ಬರ್ಗ್ ತಂಡಗಳ ಆಟಗಾರರು ಬೇಗ ಬಂದು ಒಳಗೆ ಸಿದ್ಧರಿದ್ದರು. ಹೊರಗೆ ರಸ್ತೆಗಳೆಲ್ಲ ಹೊಳೆಯಾಗಿ, ಅಂಪೈರ್‌ಗಳಿಗೂ ಬರಲಾಗಲಿಲ್ಲ, ಬಹುತೇಕ ಪ್ರೇಕ್ಷಕರಿಗೂ ಬರಲಾಗಲಿಲ್ಲ. ಪಂದ್ಯ ರದ್ದಾಯಿತು, ಕಾರಣ ಮಳೆ! ಹೊರಡಲೂ ದಾರಿಯಿಲ್ಲದ ಎರಡೂ ತಂಡದವರು ಮೈದಾನದ ಮೇಲೇ ಮೇಜು ಹಾಕಿಸಿಕೊಂಡು ಒಟ್ಟಿಗೆ ಊಟಕ್ಕೆ ಕೂತರು. ಸುತ್ತ ಸಾವಿರಾರು ಖಾಲಿ ಕುರ್ಚಿ, ನೆತ್ತಿಯ ಮೇಲೆ ಸೋರದ ಚಾವಣಿ.